ಕೆಂಪು ಸಾಲು ಬಂದರೆ ಗಾಬರಿ ಬೇಡ: ಜಾವಾಸ್ಕ್ರಿಪ್ಟ್ ಇಫ್-ಎಲ್ಸ್ ತಪ್ಪು ಹಿಡಿಯುವುದು ಹೇಗೆ?

ಕೆಆರ್‌ಎಸ್‌ನಲ್ಲಿ ನೀರು ಎಷ್ಟಿದೆ ಎಂದು ನೋಡದೆ ಬೆಳಗಿನ ಪೇಪರ್ ಮಡಚುವವರು ಮಂಡ್ಯದಲ್ಲಿ ಕಡಿಮೆ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿ ಗದ್ದೆ ಇಲ್ಲದವರಿಗೂ ಬಾಯಿಪಾಠ. ವೆಬ್ ಪುಟಕ್ಕೆ ಕೋಡ್ ಬರೆಯುವ ಭಾಷೆ ಜಾವಾಸ್ಕ್ರಿಪ್ಟ್ ಕಲಿಯಲು ಕೂತವರಿಗೆ ಷರತ್ತು ಬರೆಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆ ಲೆಕ್ಕ ಹುಡುಕಬೇಕಿಲ್ಲ. ಮಟ್ಟ ಇಷ್ಟಿದ್ದರೆ (ಇಫ್) ಹೀಗೆ ಹೇಳು, ಅದಕ್ಕಿಂತ ಇಳಿದಿದ್ದರೆ (ಎಲ್ಸ್) ಹಾಗೆ ಹೇಳು. ಅಷ್ಟೇ.

ಆದರೆ ಏಳೆಂಟು ಸಾಲಿನ ಈ ಪ್ರೋಗ್ರಾಂ ಮೊದಲ ಸಲಕ್ಕೇ ಓಡುವುದು ಅಪರೂಪ. ಬ್ರೌಸರ್ ಸುಮ್ನೆ ಬಿಳಿ ಪುಟ ತೋರಿಸಿ ಕೂರುತ್ತದೆ. 'ಸಾ, ಕೋಡು ಸರ್ಯಾಗೇ ಅದೆ, ಬ್ರೌಸರೇ ಕೆಟ್ಟೋಗದೆ' ಎಂಬ ಮಾತು ಯಾವ ಕಂಪ್ಯೂಟರ್ ಲ್ಯಾಬಿಗೆ ಹೋದರೂ ಕೇಳುತ್ತದೆ. ಬ್ರೌಸರ್ ಕೆಟ್ಟಿರುವುದಿಲ್ಲ. ಇಫ್ ಪದದ ಆಸುಪಾಸಿನಲ್ಲೇ ಒಂದು ಬ್ರಾಕೆಟ್ಟೋ ಒಂದು ಸೆಮಿಕೋಲನ್ನೋ ಹೆಚ್ಚುಕಮ್ಮಿ ಆಗಿರುತ್ತದೆ. ಇಡೀ ಕೋಡ್ ಅಳಿಸಿ ಮತ್ತೆ ಟೈಪ್ ಮಾಡಬೇಡಿ. ಹಾಗೆ ಮಾಡಿದರೆ ಹಳೇ ತಪ್ಪು ಹೋಗಿ ಹೊಸ ತಪ್ಪು ಬರುತ್ತದೆ, ಅಷ್ಟೇ ಲಾಭ.

ಶುರು ಮಾಡುವ ಮೊದಲು ಒಂದು ಸೂಚನೆ. ಈ ಲೇಖನದಲ್ಲಿ ಕೋಡನ್ನೂ ಕನ್ನಡ ಅಕ್ಷರದಲ್ಲೇ ಅಚ್ಚು ಮಾಡಿದೆ. ಇಫ್, ಎಲ್ಸ್, ಲೆಟ್, ಕಾನ್ಸ್ಟ್, ಅಲರ್ಟ್, ಪ್ರಾಂಪ್ಟ್ ಇವನ್ನೆಲ್ಲ ನೀವು ಇಂಗ್ಲಿಷ್‌ನಲ್ಲಿ, ಸಣ್ಣ ಅಕ್ಷರದಲ್ಲಿ ಟೈಪ್ ಮಾಡಬೇಕು. ಮಟ್ಟ, ದಿನ ಎಂಬ ವೇರಿಯಬಲ್ (ಬೆಲೆ, ಅಂದರೆ ವ್ಯಾಲ್ಯೂ, ಇಟ್ಟುಕೊಳ್ಳುವ ಪೆಟ್ಟಿಗೆ) ಹೆಸರುಗಳನ್ನು ಬೇಕಿದ್ದರೆ ಕನ್ನಡದಲ್ಲೇ ಬಿಡಬಹುದು. ಜಾವಾಸ್ಕ್ರಿಪ್ಟ್ ಯೂನಿಕೋಡ್ ಅಕ್ಷರಗಳ ಹೆಸರನ್ನು ಒಪ್ಪುತ್ತದೆ, ಬೆಂಗಳೂರಿನ ಆಫೀಸುಗಳಲ್ಲಿ ಯಾರೂ ಹಾಗೆ ಬರೆಯುವುದಿಲ್ಲ ಎಂಬುದು ಬೇರೆ ಮಾತು. ಅಂಕಿಗೆ ಮಾತ್ರ ಆ ಸೌಕರ್ಯ ಇಲ್ಲ. ಕೋಡ್‌ನಲ್ಲಿ ೧೨೪ ಎಂದು ಬರೆದರೆ ಎರರ್ ಖಚಿತ.

ಸರಿಯಾದ ಕೋಡ್ ಹೀಗಿರುತ್ತದೆ:

ಲೆಟ್ ಮಟ್ಟ = 118;
ಇಫ್ (ಮಟ್ಟ >= 124.80) {
  ಅಲರ್ಟ್('ಡ್ಯಾಮ್ ತುಂಬಿದೆ');
} ಎಲ್ಸ್ ಇಫ್ (ಮಟ್ಟ >= 100) {
  ಅಲರ್ಟ್('ಪರವಾಗಿಲ್ಲ');
} ಎಲ್ಸ್ {
  ಅಲರ್ಟ್('ನೀರು ಕಡಿಮೆ ಇದೆ');
}

ಇದನ್ನು ಒಂದು ಹಾಳೆಯಲ್ಲಿ ಕೈಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ಮುಂದಿನದೆಲ್ಲ ಇದಕ್ಕೆ ಹೋಲಿಸಿ ನೋಡುವ ಕೆಲಸ.

ಹಂತ 1: ಕನ್ಸೋಲ್ ತೆರೆಯಿರಿ

ಕ್ರೋಮ್‌ನಲ್ಲಿ ಎಫ್12 ಒತ್ತಿ, ಕನ್ಸೋಲ್ ಎಂಬ ಟ್ಯಾಬ್ ಆರಿಸಿ. ಕೆಂಪು ಸಾಲೊಂದು ಕಾಣುತ್ತದೆ. ಅದರ ಬಲತುದಿಯಲ್ಲಿ ಫೈಲ್ ಹೆಸರು, ಕೋಲನ್, ಆಮೇಲೆ ಒಂದು ಸಂಖ್ಯೆ. ಆ ಸಂಖ್ಯೆಯೇ ಸಾಲಿನ ನಂಬರ್. ಅದರ ಮೇಲೆ ಕ್ಲಿಕ್ ಮಾಡಿದರೆ ಬ್ರೌಸರ್ ನಿಮ್ಮನ್ನು ಆ ಸಾಲಿಗೇ ಕರೆದುಕೊಂಡು ಹೋಗುತ್ತದೆ.

ಇಲ್ಲಿ ಎರಡು ವಿಷಯ ತಿಳಿದಿರಬೇಕು. ಮೊದಲನೆಯದು, ಸಿಂಟ್ಯಾಕ್ಸ್ ತಪ್ಪು, ಅಂದರೆ ಕೋಡ್ ವ್ಯಾಕರಣದ ತಪ್ಪು, ಒಂದೇ ಒಂದು ಇದ್ದರೂ ಆ ಸ್ಕ್ರಿಪ್ಟ್‌ನ ಯಾವ ಸಾಲೂ ಓಡುವುದಿಲ್ಲ. ಮೇಲಿನ ಐವತ್ತು ಸಾಲು ಸರಿಯಾಗಿದ್ದರೂ ಅಷ್ಟೇ. ಬ್ರೌಸರ್ ಮೊದಲು ಪೂರ್ತಿ ಓದಿ, ವ್ಯಾಕರಣ ಸರಿ ಇದ್ದರೆ ಮಾತ್ರ ಓಡಿಸುತ್ತದೆ. ಬಿಳಿ ಪುಟ ಬರುವುದು ಅದಕ್ಕೇ. ಎರಡನೆಯದು, ಓದುವಾಗ ಮೊದಲು ಸಿಕ್ಕಿದ ತಪ್ಪಿಗೇ ಅದು ನಿಂತುಬಿಡುತ್ತದೆ. ಅದನ್ನು ಸರಿ ಮಾಡಿದ ಮೇಲೆ ಬೇರೆ ಸಾಲಿನ ನಂಬರಿನ ಜೊತೆ ಇನ್ನೊಂದು ಕೆಂಪು ಸಾಲು ಬಂದರೆ 'ಅಯ್ಯೋ, ಇನ್ನೂ ಜಾಸ್ತಿ ಕೆಡಿಸಿಬಿಟ್ಟೆ' ಎಂದುಕೊಳ್ಳಬೇಡಿ. ನಂಬರ್ ಮುಂದಕ್ಕೆ ಹೋಗಿದ್ದರೆ ನೀವು ಮುಂದಕ್ಕೆ ಬಂದಿದ್ದೀರಿ ಎಂದೇ ಅರ್ಥ.

ಇನ್ನೊಂದು ಗುಟ್ಟು: ಕೆಂಪು ಸಾಲು ತೋರಿಸುವುದು ಬ್ರೌಸರ್ ಎಲ್ಲಿ ಎಡವಿತು ಎಂಬುದನ್ನು, ಕಲ್ಲು ಎಲ್ಲಿದೆ ಎಂಬುದನ್ನಲ್ಲ. ತಪ್ಪು ಆ ಜಾಗದಲ್ಲೇ ಇರಬಹುದು, ಸ್ವಲ್ಪ ಮೇಲೂ ಇರಬಹುದು. ಕೆಳಗಂತೂ ಇರುವುದಿಲ್ಲ. ಹುಡುಕಾಟ ಯಾವಾಗಲೂ ಅಲ್ಲಿಂದ ಮೇಲಕ್ಕೆ.

ಹಂತ 2: ಇಫ್ ಪದವನ್ನೇ ಮೊದಲು ನೋಡಿ

ಮೊಬೈಲ್‌ನಲ್ಲಿ ಕೋಡ್ ಬರೆದು ಕಲಿಯುವವರು ಈಗ ಬಹಳ. ಲ್ಯಾಪ್‌ಟಾಪ್ ಕೊಳ್ಳುವವರೆಗೆ ಅದೇ ದಾರಿ, ತಪ್ಪೇನಿಲ್ಲ. ಆದರೆ ಮೊಬೈಲ್ ಕೀಬೋರ್ಡ್ ಸಾಲಿನ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡಕ್ಷರ ಮಾಡುತ್ತದೆ. ದೊಡ್ಡ ಐ ಇರುವ ಇಫ್ ಜಾವಾಸ್ಕ್ರಿಪ್ಟ್‌ಗೆ ಇಫ್ ಅಲ್ಲವೇ ಅಲ್ಲ. ಅದು ಯಾವುದೋ ಫಂಕ್ಷನ್ ಹೆಸರು ಎಂದುಕೊಳ್ಳುತ್ತದೆ. ಬ್ರಾಕೆಟ್ಟಿನ ಒಳಗಿನದನ್ನು ಆ ಫಂಕ್ಷನ್‌ಗೆ ಕೊಟ್ಟ ಬೆಲೆ ಎಂದು ಓದಿ, ಮುಂದೆ ಅದೇ ಸಾಲಿನಲ್ಲಿ ಫ್ಲವರ್ ಬ್ರಾಕೆಟ್ ಕಂಡಾಗ ತಬ್ಬಿಬ್ಬಾಗುತ್ತದೆ. 'ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ {' ಎಂದು ದೂರುತ್ತದೆ. ನೀವು ಬ್ರಾಕೆಟ್ಟನ್ನೇ ದಿಟ್ಟಿಸುತ್ತೀರಿ, ಬ್ರಾಕೆಟ್ ಸರಿಯಾಗೇ ಇರುತ್ತದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಆಟೋ ಕ್ಯಾಪಿಟಲೈಸೇಶನ್ ಆಫ್ ಮಾಡಿಬಿಟ್ಟರೆ ಈ ಕಾಟ ಶಾಶ್ವತವಾಗಿ ತಪ್ಪುತ್ತದೆ.

ಫೋನಿನ ಇನ್ನೊಂದು ಕಾಟ ಕೋಟ್ ಗುರುತಿನದು. ವಾಟ್ಸ್‌ಆ್ಯಪ್‌ನಲ್ಲೋ ವರ್ಡ್ ಫೈಲಿನಲ್ಲೋ ಬಂದ ಕೋಡ್ ಕಾಪಿ ಮಾಡಿದರೆ ನೇರ ಕೋಟ್ ಬದಲು ಬಾಗಿದ ಕೋಟ್ ಬಂದಿರಬಹುದು. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಕಷ್ಟ. 'ಇನ್‌ವ್ಯಾಲಿಡ್ ಆರ್ ಅನ್‌ಎಕ್ಸ್‌ಪೆಕ್ಟೆಡ್ ಟೋಕನ್' ಎಂದು ಬಂದರೆ ಆ ಸಾಲಿನ ಕೋಟ್‌ಗಳನ್ನು ಅಳಿಸಿ ನಿಮ್ಮ ಕೈಯಾರೆ ಮತ್ತೆ ಹಾಕಿ.

ಹಂತ 3: ದುಂಡು ಬ್ರಾಕೆಟ್ ಎಣಿಸಿ

ಷರತ್ತು ಪೂರ್ತಿಯಾಗಿ ದುಂಡು ಬ್ರಾಕೆಟ್ಟಿನ ಒಳಗೆ ಇರಬೇಕು. ಪೈಥಾನ್ ಮೊದಲು ಕಲಿತು ಬಂದವರು ಅದನ್ನು ಬಿಟ್ಟೇಬಿಡುತ್ತಾರೆ, ಏಕೆಂದರೆ ಅಲ್ಲಿ ಅದು ಬೇಡ. ಎರಡು ಷರತ್ತು ಸೇರಿಸುವಾಗ ಆಗುವ ತಪ್ಪು ಇದಕ್ಕಿಂತ ಸಾಮಾನ್ಯ:

ಇಫ್ (ಮಟ್ಟ >= 100) && (ಮಟ್ಟ < 110) {

ನೋಡಲು ಎಷ್ಟು ಸರಿಯಾಗಿದೆ ಅಲ್ವಾ? ಆದರೆ 100ರ ಪಕ್ಕದ ಬ್ರಾಕೆಟ್ ಮುಚ್ಚಿದ ಕೂಡಲೇ ಬ್ರೌಸರ್ ಪಾಲಿಗೆ ಷರತ್ತು ಮುಗಿಯಿತು. ಆಮೇಲೆ ಬರುವ && ('ಮತ್ತು' ಎಂಬ ಚಿಹ್ನೆ) ಅದಕ್ಕೆ ಅರ್ಥವಾಗುವುದಿಲ್ಲ. ಎರಡನ್ನೂ ಸುತ್ತುವ ಒಂದು ದೊಡ್ಡ ಬ್ರಾಕೆಟ್ ಬೇಕು:

ಇಫ್ (ಮಟ್ಟ >= 100 && ಮಟ್ಟ < 110) {

ಎಣಿಸುವ ವಿಧಾನ ಸುಲಭ. ಎಡದಿಂದ ಓದುತ್ತಾ ಹೋಗಿ, ಬ್ರಾಕೆಟ್ ತೆರೆದಾಗ ಒಂದು ಕೂಡಿ, ಮುಚ್ಚಿದಾಗ ಒಂದು ಕಳೆಯಿರಿ. ಫ್ಲವರ್ ಬ್ರಾಕೆಟ್ ಬರುವ ಹೊತ್ತಿಗೆ ಲೆಕ್ಕ ಸೊನ್ನೆ ಆಗಿರಬೇಕು, ಮಧ್ಯದಲ್ಲಿ ಎಲ್ಲೂ ಸೊನ್ನೆ ಆಗಿರಬಾರದು. ಕ್ರೋಮ್ ಹೇಳಿದ್ದು ಅರ್ಥವಾಗದಿದ್ದರೆ ಅದೇ ಪುಟವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆದು ನೋಡಿ. ಬ್ರಾಕೆಟ್ ವಿಷಯದಲ್ಲಿ ಅದರ ಮಾತು ನೇರ. ಷರತ್ತಿನ ಕೊನೆಗೆ ಮುಚ್ಚುವ ಬ್ರಾಕೆಟ್ ಇಲ್ಲ ಎಂದೇ ಹೇಳಿಬಿಡುತ್ತದೆ.

ಹಂತ 4: ಎಲ್ಸ್ ಯಾಕೆ ಒಂಟಿಯಾಯಿತು?

ಹೊಸಬರ ಕನ್ಸೋಲ್‌ನಲ್ಲಿ ಮತ್ತೆ ಮತ್ತೆ ಕಾಣುವ ಸಾಲು 'ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ ಎಲ್ಸ್'. ಎಲ್ಸ್ ಸಿಕ್ಕಿತು, ಅದಕ್ಕೆ ಸೇರಿದ ಇಫ್ ಸಿಗಲಿಲ್ಲ ಎಂದು ಅದರ ತಾತ್ಪರ್ಯ. ಇಫ್ ಅಲ್ಲೇ ಮೇಲೆ ಕಣ್ಣಿಗೆ ಕಾಣುತ್ತಿರುತ್ತದೆ, ಆದರೂ ಸಂಬಂಧ ಕಡಿದಿರುತ್ತದೆ. ಯಾಕೆ ಕಡಿಯಿತು ಎಂಬುದಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣ.

ಎಲ್ಲಕ್ಕಿಂತ ಸಾಮಾನ್ಯವಾದದ್ದು, ಇಫ್‌ನ ಫ್ಲವರ್ ಬ್ರಾಕೆಟ್ ಮುಚ್ಚದೇ ಎಲ್ಸ್ ಬರೆದಿರುವುದು. ಎಲ್ಸ್ ಪದದ ಎಡಕ್ಕೆ ಮುಚ್ಚುವ ಬ್ರಾಕೆಟ್ ಇದೆಯೇ ನೋಡಿ.

ಎರಡನೆಯದು, ಮುಚ್ಚಿದ ಮೇಲೆ ಅಭ್ಯಾಸಬಲದಿಂದ ಸೆಮಿಕೋಲನ್ ಒತ್ತಿರುವುದು. } ಆದ ಮೇಲೆ ; ಬಂದರೆ ಇಫ್ ಕಥೆ ಅಲ್ಲಿಗೆ ಮುಗಿಯಿತು.

ಮೂರನೆಯದು, ಫ್ಲವರ್ ಬ್ರಾಕೆಟ್ಟೇ ಹಾಕದೆ ಇಫ್ ಕೆಳಗೆ ಎರಡು ಸಾಲು ಬರೆದಿರುವುದು. ಬ್ರಾಕೆಟ್ ಇಲ್ಲದಿದ್ದರೆ ಇಫ್‌ಗೆ ಸೇರುವುದು ಒಂದೇ ಸಾಲು. ಎರಡನೇ ಸಾಲನ್ನು ನೀವು ಎಷ್ಟೇ ಒಳಕ್ಕೆ ತಳ್ಳಿ ಬರೆದಿದ್ದರೂ ಅದು ಹೊರಗಿನದೇ. ಒಂದೇ ಸಾಲಿದ್ದರೂ ಬ್ರಾಕೆಟ್ ಹಾಕಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ. ಬೇಡ ಎನ್ನುವ ಅನುಭವಿಗಳೂ ಇದ್ದಾರೆ. ಅವರು ಅನುಭವಿಗಳು, ನೀವಿನ್ನೂ ಕಲಿಯುತ್ತಿದ್ದೀರಿ.

ನಾಲ್ಕನೆಯದು ಸ್ವಲ್ಪ ವಿವರವಾಗಿ ನೋಡಬೇಕಾದದ್ದು.

ಇಫ್ (ಮಟ್ಟ >= 124.80); {
  ಅಲರ್ಟ್('ಡ್ಯಾಮ್ ತುಂಬಿದೆ');
}

ಷರತ್ತಿನ ಬ್ರಾಕೆಟ್ ಮುಚ್ಚಿದ ಕೂಡಲೇ ಒಂದು ಸೆಮಿಕೋಲನ್ ಇದೆ. ಪ್ರತಿ ಸಾಲಿನ ಕೊನೆಗೂ ಸೆಮಿಕೋಲನ್ ಹಾಕಬೇಕು ಎಂದು ಯಾರೋ ಹೇಳಿಕೊಟ್ಟಿರುತ್ತಾರೆ, ಕೈ ತಾನಾಗಿ ಅಲ್ಲಿಗೂ ಹೋಗಿದೆ. ಬ್ರೌಸರ್ ಇದನ್ನು ಓದುವುದು ಹೀಗೆ: ಮಟ್ಟ 124.80 ಮುಟ್ಟಿದ್ದರೆ ಏನೂ ಮಾಡಬೇಡ. ಮುಗಿಯಿತು. ಆಮೇಲೆ, ಷರತ್ತಿಗೆ ಸಂಬಂಧವೇ ಇಲ್ಲದೆ, ಡ್ಯಾಮ್ ತುಂಬಿದೆ ಎಂದು ಹೇಳು. ಕೆಳಗೆ ಎಲ್ಸ್ ಇದ್ದರೆ ಪುಣ್ಯ, ಎರರ್ ಬಂದು ನಿಮಗೆ ಗೊತ್ತಾಗುತ್ತದೆ. ಎಲ್ಸ್ ಇಲ್ಲದಿದ್ದರೆ ಯಾವ ದೂರೂ ಇಲ್ಲ. ಮಟ್ಟ 80 ಅಡಿ ಇದ್ದರೂ ಡ್ಯಾಮ್ ತುಂಬಿದೆ ಎಂದೇ ಹೇಳುತ್ತಿರುತ್ತದೆ. ಬಾಗಿನ ಹಿಡಿದು ಹೊರಡುವುದೊಂದೇ ಬಾಕಿ.

ಎಲ್ಸ್ ವಿಷಯದಲ್ಲೇ ಇನ್ನೆರಡು ಚಿಕ್ಕ ಮಾತು. ಎಲ್ಸ್ ಇಫ್ ಎರಡು ಪದ, ನಡುವೆ ಜಾಗ ಇರಲೇಬೇಕು. ಪಿಎಚ್‌ಪಿಯಲ್ಲಿ ಕೂಡಿಸಿ ಬರೆದರೂ ನಡೆಯುತ್ತದೆ, ಪೈಥಾನ್‌ನಲ್ಲಿ ಎಲಿಫ್ ಎಂಬ ಬೇರೆ ಪದವೇ ಇದೆ, ಇಲ್ಲಿ ಎರಡೂ ನಡೆಯುವುದಿಲ್ಲ. ಮತ್ತೆ, ಬರೀ ಎಲ್ಸ್‌ಗೆ ಷರತ್ತು ಇರುವುದಿಲ್ಲ. ಮೇಲಿನ ಯಾವುದೂ ಆಗದಿದ್ದರೆ ಉಳಿದದ್ದೆಲ್ಲ ಅದರ ಪಾಲಿಗೆ. ಎಲ್ಸ್ ಪಕ್ಕ ದುಂಡು ಬ್ರಾಕೆಟ್ ಕಂಡರೆ ನಡುವೆ ಇಫ್ ಮರೆತಿದ್ದೀರಿ ಎಂದು ತಿಳಿಯಿರಿ.

ಹಂತ 5: ಫೈಲಿನ ಕೊನೆ ಸಾಲು ತೋರಿಸಿದರೆ

'ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಇನ್‌ಪುಟ್' ಎಂದರೆ ಎಲ್ಲೋ ತೆರೆದ ಫ್ಲವರ್ ಬ್ರಾಕೆಟ್ ಮುಚ್ಚಲೇ ಇಲ್ಲ. ಬ್ರೌಸರ್ ಕೊನೆಯವರೆಗೂ ಕಾದು, ಸಿಗದೆ, ಕೊನೆ ಸಾಲನ್ನು ತೋರಿಸುತ್ತದೆ. ವಿಎಸ್ ಕೋಡ್ ಎಡಿಟರ್ ಇದ್ದರೆ ಪ್ರತಿ ತೆರೆದ ಬ್ರಾಕೆಟ್ ಪಕ್ಕ ಕರ್ಸರ್ ಇಟ್ಟು ನೋಡಿ, ಅದರ ಜೋಡಿ ಎಲ್ಲಿದೆ ಎಂದು ತೋರಿಸುತ್ತದೆ. ವಿಂಡೋಸ್‌ನಲ್ಲಿ ಶಿಫ್ಟ್, ಆಲ್ಟ್, ಎಫ್ ಮೂರನ್ನೂ ಒಟ್ಟಿಗೆ ಒತ್ತಿದರೆ ಕೋಡ್ ತಾನಾಗಿ ಅಚ್ಚುಕಟ್ಟಾಗುತ್ತದೆ. ಆಗ ಯಾವ ಸಾಲು ಇರಬೇಕಾದ್ದಕ್ಕಿಂತ ಬಲಕ್ಕೆ ಸರಿದಿದೆಯೋ ಅದರ ಮೇಲೆಯೇ ಮುಚ್ಚದ ಬ್ರಾಕೆಟ್ ಇರುತ್ತದೆ.

ಹಂತ 6: ಕೆಂಪು ಸಾಲೇ ಇಲ್ಲ, ಉತ್ತರ ಮಾತ್ರ ತಪ್ಪು

ಇಲ್ಲಿಯವರೆಗಿನದು ಸಲೀಸು. ಬ್ರೌಸರ್ ಕೂಗಿ ಹೇಳುವ ತಪ್ಪಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಅದು ಬಾಯಿ ಮುಚ್ಚಿಕೊಂಡು ಒಪ್ಪಿಬಿಡುವ ತಪ್ಪಿಗೆ. ಜಾವಾಸ್ಕ್ರಿಪ್ಟ್‌ನ ಸ್ವಭಾವವೇ ಹಾಗೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಕಟ್ಟಿದರು. ವೃತ್ತಿಪರರಲ್ಲದವರೂ ವೆಬ್ ಪುಟಕ್ಕೆ ನಾಲ್ಕು ಸಾಲು ಬರೆದುಕೊಳ್ಳಲಿ ಎಂಬುದು ಉದ್ದೇಶ. ಹಾಗಾಗಿ ಸಣ್ಣಪುಟ್ಟದ್ದನ್ನು ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಆ ದೊಡ್ಡತನವೇ ಕಲಿಯುವವರಿಗೆ ಮುಳ್ಳು.

ಮೊದಲ ಮುಳ್ಳು ಒಂಟಿ ಸಮ ಚಿಹ್ನೆ.

ಇಫ್ (ಮಟ್ಟ = 124.80) {

ಇದು ಹೋಲಿಕೆ ಅಲ್ಲ. ಮಟ್ಟಕ್ಕೆ 124.80 ಎಂಬ ಬೆಲೆಯನ್ನು ತುಂಬಿಬಿಡುತ್ತದೆ. ಸೊನ್ನೆಯಲ್ಲದ ಸಂಖ್ಯೆಯನ್ನು ಜಾವಾಸ್ಕ್ರಿಪ್ಟ್ ನಿಜ ಎಂದೇ ತೆಗೆದುಕೊಳ್ಳುವುದರಿಂದ ಷರತ್ತು ಯಾವಾಗಲೂ ಪಾಸ್. ಹನಿ ಮಳೆಯಿಲ್ಲದೆ ಡ್ಯಾಮ್ ತುಂಬಿಸುವ ಸಾಲು ಇದು! ಮುಂದೆ ಎಲ್ಲೇ ಮಟ್ಟ ಪ್ರಿಂಟ್ ಮಾಡಿದರೂ 124.8 ಎಂದೇ ಬರುತ್ತದೆ, ಹಳೇ ಬೆಲೆ ಹೋಯಿತು. ಹೋಲಿಸಲು ಮೂರು ಸಮ ಚಿಹ್ನೆ ಹಾಕಿ: ===. ಎರಡು ಹಾಕಿದರೂ ಹೋಲಿಕೆ ಆಗುತ್ತದೆ, ಆದರೆ ಅದು '100' ಎಂಬ ಪಠ್ಯವನ್ನೂ 100 ಎಂಬ ಸಂಖ್ಯೆಯನ್ನೂ ಒಂದೇ ಎನ್ನುತ್ತದೆ. ಮೂರರದ್ದು ಕಟ್ಟುನಿಟ್ಟು. ಇನ್ನೊಂದು ಉಪಾಯ, ಬದಲಾಗದ ಬೆಲೆಯನ್ನು ಲೆಟ್ ಬದಲು ಕಾನ್ಸ್ಟ್ ಎಂದು ಬರೆಯಿರಿ. ಆಗ ಒಂಟಿ ಸಮ ಚಿಹ್ನೆ ಹಾಕಿದರೆ ಓಡುವಾಗ 'ಅಸೈನ್‌ಮೆಂಟ್ ಟು ಕಾನ್‌ಸ್ಟಂಟ್ ವೇರಿಯಬಲ್' ಎಂದು ಸಿಕ್ಕಿಬೀಳುತ್ತೀರಿ. ಸಿಕ್ಕಿಬೀಳುವುದೇ ಒಳ್ಳೆಯದು.

ಎರಡನೆಯದು, >= ಅನ್ನು ತಿರುಗಿಸಿ => ಎಂದು ಬರೆಯುವುದು. 'ಕಡಿಮೆ ಅಥವಾ ಸಮ' ಎಂಬುದನ್ನು ತಿರುಗಿಸಿ =< ಎಂದರೆ ಕೂಡಲೇ ಎರರ್ ಬರುತ್ತದೆ. => ಎಂದರೆ ಮಾತ್ರ ಬರುವುದಿಲ್ಲ. ಕಾರಣ, 2015ರ ಆವೃತ್ತಿಯಿಂದ ಅದು ಬಾಣದ ಫಂಕ್ಷನ್ ಬರೆಯುವ ಚಿಹ್ನೆ. (ಮಟ್ಟ => 100) ಎಂದರೆ ಒಂದು ಹೊಸ ಫಂಕ್ಷನ್ ತಯಾರಾಯಿತು, ಫಂಕ್ಷನ್ ಎಂಬುದು ಯಾವಾಗಲೂ ನಿಜ, ಷರತ್ತು ಪಾಸ್. ಮೊದಲು >, ಆಮೇಲೆ ಸಮ ಚಿಹ್ನೆ. ಹಾಗೇ ನೆನಪಿಡಿ.

ಮೂರನೆಯದಕ್ಕೆ ಮೈಸೂರಿಗೆ ಬನ್ನಿ. ಅರಮನೆಗೆ ದೀಪ ಹಾಕುವುದು ಭಾನುವಾರ, ಸರ್ಕಾರಿ ರಜೆ ಮತ್ತು ದಸರಾ ದಿನಗಳಂದು. ದಸರಾ ಬಿಟ್ಟು ಉಳಿದೆರಡನ್ನು ಹೊಸಬರು ಹೀಗೆ ಬರೆಯುತ್ತಾರೆ:

ಇಫ್ (ದಿನ === 'ಭಾನುವಾರ' || 'ರಜೆ') {

|| ಎಂದರೆ 'ಅಥವಾ'. ನಾವು ಮಾತಾಡುವುದೂ ಹೀಗೇ, 'ಭಾನುವಾರ ಇಲ್ಲಾಂದ್ರೆ ರಜೆ ದಿನ'. ಆದರೆ ಬ್ರೌಸರ್ ಇದನ್ನು ಎರಡು ಪ್ರಶ್ನೆಯಾಗಿ ಒಡೆಯುತ್ತದೆ. ದಿನ ಭಾನುವಾರವೇ? ಅಲ್ಲದಿದ್ದರೆ 'ರಜೆ' ಎಂಬ ಪದ ಖಾಲಿಯೇ? ಖಾಲಿಯಲ್ಲದ ಯಾವ ಪಠ್ಯವೂ ನಿಜ. ಹಾಗಾಗಿ ಬುಧವಾರವೂ ದೀಪ, ಗುರುವಾರವೂ ದೀಪ. ಸುಮಾರು ಒಂದು ಲಕ್ಷ ಬಲ್ಬಿನ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಎರಡೂ ಕಡೆ ಪೂರ್ತಿ ಹೋಲಿಕೆ ಬರೆಯಬೇಕು:

ಇಫ್ (ದಿನ === 'ಭಾನುವಾರ' || ದಿನ === 'ರಜೆ') {

ಗಣಿತದಲ್ಲಿ ಬರೆದಂತೆ (100 < ಮಟ್ಟ < 110) ಎಂದು ಬರೆಯುವುದೂ ಇದೇ ಜಾತಿಯ ತಪ್ಪು. ಮೊದಲು 100 < ಮಟ್ಟ ಎಂಬುದಕ್ಕೆ ನಿಜ ಅಥವಾ ಸುಳ್ಳು ಬರುತ್ತದೆ. ನಿಜಕ್ಕೆ 1, ಸುಳ್ಳಿಗೆ 0 ಎಂದು ಲೆಕ್ಕ ಹಾಕಿ ಅದನ್ನು 110ಕ್ಕೆ ಹೋಲಿಸುತ್ತದೆ. 1 ಆದರೂ 0 ಆದರೂ 110ಕ್ಕಿಂತ ಕಡಿಮೆಯೇ. ಎರಡು ತುಂಡು ಮಾಡಿ ನಡುವೆ && ಹಾಕಿ.

ಕವಲುಗಳ ಕ್ರಮವನ್ನೂ ನೋಡಿ. >= 100 ಮೊದಲು ಬರೆದು >= 124.80 ಆಮೇಲೆ ಬರೆದರೆ ಡ್ಯಾಮ್ ತುಂಬಿದ ಸುದ್ದಿ ಬರುವುದೇ ಇಲ್ಲ. 124.80 ಕೂಡ 100ಕ್ಕಿಂತ ಜಾಸ್ತಿ ತಾನೇ, ಮೊದಲ ಬಾಗಿಲಲ್ಲೇ ಒಳಗೆ ಹೋಗಿಬಿಡುತ್ತದೆ. ದೊಡ್ಡ ಸಂಖ್ಯೆ ಮೇಲಿರಲಿ.

ಇಫ್ ಬದಲು ಸ್ವಿಚ್ ಬಳಸುವವರು ಪ್ರತಿ ಕೇಸ್ ಕೊನೆಗೆ ಬ್ರೇಕ್ ಇದೆಯೇ ನೋಡಿಕೊಳ್ಳಿ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. 'ಮಂಗಳವಾರ' ಕೇಸಿನಲ್ಲಿ ಬ್ರೇಕ್ ಮರೆತರೆ 'ಇಂದು ರಜೆ' ಎಂದ ಬೆನ್ನಿಗೇ ಕೆಳಗಿನ ಕೇಸೂ ಓಡಿ 'ಇಂದು ತೆರೆದಿದೆ' ಎಂದೂ ಹೇಳುತ್ತದೆ.

ಹಂತ 7: ಬೇರೆ ಬೇರೆ ಬೆಲೆ ಕೊಟ್ಟು ಕಾಡಿಸಿ

ಒಂದು ಸಲ ಸರಿ ಉತ್ತರ ಬಂತೆಂದು ಎದ್ದು ಹೋಗಬೇಡಿ. ಗಡಿಯಲ್ಲಿರುವ ಬೆಲೆಗಳನ್ನು ಕೊಟ್ಟು ನೋಡಿ. 124.80, 124.79, 100, 99.99. ಗಡಿಯಲ್ಲೇ >= ಮತ್ತು > ನಡುವಿನ ವ್ಯತ್ಯಾಸ ಬಯಲಾಗುವುದು.

ಆಮೇಲೆ ಬೆಲೆಯನ್ನು ಕೋಡ್‌ನಲ್ಲಿ ಬರೆಯುವ ಬದಲು ಪ್ರಾಂಪ್ಟ್ ಪೆಟ್ಟಿಗೆಯಿಂದ ತೆಗೆದುಕೊಳ್ಳಿ. ಅದು ಕೊಡುವುದು ಸಂಖ್ಯೆಯನ್ನಲ್ಲ, ಪಠ್ಯವನ್ನು. ನಿನ್ನೆಯ ಮಟ್ಟ 99.5, ಇಂದಿನದು 100.2 ಎಂದು ಎರಡನ್ನೂ ಪ್ರಾಂಪ್ಟ್‌ನಲ್ಲಿ ಕೇಳಿ ಹೋಲಿಸಿದರೆ ನೀರು ಇಳಿದಿದೆ ಎಂದು ಹೇಳುತ್ತದೆ. ಪಠ್ಯವನ್ನು ಹೋಲಿಸುವುದು ಎಡಗಡೆಯ ಮೊದಲ ಅಕ್ಷರದಿಂದ. 9 ಮತ್ತು 1 ಹೋಲಿಸಿ, 9 ದೊಡ್ಡದು ಎಂದು ಅಲ್ಲಿಗೇ ತೀರ್ಪು ಕೊಟ್ಟುಬಿಡುತ್ತದೆ. ಆದ್ದರಿಂದ ಪ್ರಾಂಪ್ಟ್‌ನಿಂದ ಬಂದದ್ದನ್ನು ಮೊದಲು ನಂಬರ್ ಫಂಕ್ಷನ್‌ಗೆ ಕೊಟ್ಟು ಸಂಖ್ಯೆ ಮಾಡಿಕೊಳ್ಳಿ. ಟೈಪ್ ಮಾಡುವಾಗ ಇದರ ಮೊದಲ ಎನ್ ಮಾತ್ರ ದೊಡ್ಡಕ್ಷರ.

ಕಾನ್ಸ್ಟ್ ಮಟ್ಟ = ನಂಬರ್(ಪ್ರಾಂಪ್ಟ್('ಇಂದಿನ ಮಟ್ಟ?'));

ಈಗ ಯಾರಾದರೂ ಪೆಟ್ಟಿಗೆಯಲ್ಲಿ 'ತುಂಬಿದೆ' ಎಂದೋ ಕನ್ನಡ ಅಂಕಿಯಲ್ಲಿ ೧೧೮ ಎಂದೋ ಬರೆದರೆ? ಸಂಖ್ಯೆ ಮಾಡಲಾಗದೆ ನ್ಯಾನ್ (ನಾಟ್ ಎ ನಂಬರ್, ಸಂಖ್ಯೆಯಲ್ಲ) ಎಂಬ ಬೆಲೆ ಬರುತ್ತದೆ. ನ್ಯಾನ್ ಜೊತೆ >= ಹಾಕಿ ಏನನ್ನು ಹೋಲಿಸಿದರೂ ಉತ್ತರ ಸುಳ್ಳು. ಹಾಗಾಗಿ ಎಲ್ಲ ಇಫ್ ದಾಟಿ ಕೊನೆಯ ಎಲ್ಸ್‌ಗೆ ಬಿದ್ದು 'ನೀರು ಕಡಿಮೆ ಇದೆ' ಎಂದು ತೋರಿಸುತ್ತದೆ. ಏನೂ ಬರೆಯದೆ ಓಕೆ ಒತ್ತಿದರೆ, ಅಥವಾ ಕ್ಯಾನ್ಸಲ್ ಒತ್ತಿದರೆ, ಮಟ್ಟ 0 ಆಗುತ್ತದೆ. ಆಗಲೂ ಅದೇ ಉತ್ತರ. ಇವೆರಡಕ್ಕೂ ಎಲ್ಲಕ್ಕಿಂತ ಮೇಲೆ ಒಂದು ಕಾವಲು ಹಾಕಿ:

ಇಫ್ (ಈಸ್‌ನ್ಯಾನ್(ಮಟ್ಟ) || ಮಟ್ಟ <= 0) {
  ಅಲರ್ಟ್('ಮಟ್ಟವನ್ನು ಅಂಕಿಯಲ್ಲಿ ಬರೆಯಿರಿ');
} ಎಲ್ಸ್ ಇಫ್ (ಮಟ್ಟ >= 124.80) {

ಉಳಿದದ್ದು ಮೊದಲಿನಂತೆಯೇ. ಈಸ್‌ನ್ಯಾನ್ ಬರೆಯುವಾಗ ಎರಡು ಎನ್ ಮಾತ್ರ ದೊಡ್ಡಕ್ಷರ, ಮಿಕ್ಕಿದ್ದು ಸಣ್ಣಕ್ಷರ. ಅದರಲ್ಲಿ ತಪ್ಪಿದರೆ 'ಈಸ್ ನಾಟ್ ಡಿಫೈನ್ಡ್' ಎಂಬ ಕೆಂಪು ಸಾಲು ಬರುತ್ತದೆ. ಅದನ್ನು ಹೇಗೆ ಓದಬೇಕು ಎಂಬುದು ಇಷ್ಟು ಹೊತ್ತಿಗೆ ನಿಮಗೆ ಗೊತ್ತಿದೆ.